ಚೊಗರು, ಶಾಯಿ ಮತ್ತು ಅರ್ಥವಾಗದ ಚಿತ್ರ

“ಇದೇನು ಮೇಷ್ಟ್ರೇ, ಚಿತ್ರ ಬರೆದಿದ್ದಾನೋ, ಶಾಯಿ ಚೆಲ್ಲಿಕೊಂಡಿದ್ದಾನೋ?”

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗನ ಹಾಳೆಯನ್ನು ನನ್ನ ಮುಂದೆ ಹಿಡಿದು ಹೀಗೆ ಕೇಳಿದರು. ಹಾಳೆಯಲ್ಲಿ ಮರವಿಲ್ಲ, ಮನೆಯಿಲ್ಲ. ಕಪ್ಪು ಗೆರೆಗಳ ಬಲೆ, ನಡುನಡುವೆ ಹರಡಿದ ನೀಲಿ ಮತ್ತು ಕಾವಿ. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಬಹಳ ಹಿಂದೆ ಇಂಥದ್ದೇ ಹಾಳೆ ಕಂಡು “ಗೀಚಬೇಡವೋ” ಎಂದು ನಾನೇ ಒಬ್ಬನನ್ನು ಗದರಿಸಿದ್ದೆ. ಅವನು ಮತ್ತೆ ಕುಂಚ ಹಿಡಿದದ್ದನ್ನು ನಾನು ಕಾಣಲಿಲ್ಲ. ಈ ಸಲ ಬಾಯಿ ಬಿಗಿಹಿಡಿದೆ.

ನಾನು ವಿಜ್ಞಾನದ ಮೇಷ್ಟ್ರು, ಚಿತ್ರಕ್ಕೆ ಬೆಲೆ ಕಟ್ಟುವವನಲ್ಲ. ಆದರೆ ಹಾಳೆಯ ಮೇಲೆ ನಡೆದದ್ದೇನೆಂದು ಹೇಳಬಲ್ಲೆ. “ನೀವು ಅಡಿಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಾಗಿದರೆ ಏನಾಗುತ್ತದೆ?” ಎಂದು ಕೇಳಿದೆ. “ಕಪ್ಪಾಗುತ್ತದೆ, ತೊಳೆದರೂ ಹೋಗದು” ಎಂದರು. ಅದೇ ಶಾಯಿ! ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪು ಸಂಯುಕ್ತವಾಗುತ್ತದೆ. ಯೂರೋಪಿನವರು ಓಕ್ ಮರದ ಗಂಟುಗಳ ಟ್ಯಾನಿನ್ನಿಗೆ ಅನ್ನಭೇದಿ ಬೆರೆಸಿ ನೂರಾರು ವರ್ಷ ಬರೆದದ್ದು ಇಂಥ ಶಾಯಿಯಲ್ಲೇ.

ಹುಡುಗ ಬಳಸಿದ್ದು ಇಂಡಿಯನ್ ಇಂಕ್. ಅದು ನುಣ್ಣನೆಯ ಮಸಿ. ಅರಗಿನಂಥ ಅಂಟು ಬೆರೆತಿರುವ ಬಗೆಯಾದರೆ ಒಣಗಿದ ಮೇಲೆ ನೀರಿಗೆ ಕರಗದು. ಆದ್ದರಿಂದ ಮೊದಲು ಗೆರೆ, ಅದು ಚೆನ್ನಾಗಿ ಒಣಗಿದ ಮೇಲೆ ಬಣ್ಣದ ನೀರು. ಫೌಂಟನ್ ಪೆನ್ನಿನ ಶಾಯಿಯಾದರೆ ಗೆರೆಯೇ ಕರಗಿ ಹರಿಯುತ್ತದೆ; ಕೆಲವರಿಗೆ ಬೇಕಾದದ್ದೂ ಅದೇ. ಜಲವರ್ಣವೆಂದರೆ ಬಣ್ಣದ ಪುಡಿ ಮತ್ತು ಗೋಂದು. ಈ ಗೋಂದು ಬರುವುದು ಜಗಳೂರಿನ ಬಯಲಲ್ಲಿ ಕಾಣುವ ಜಾಲಿಯ ಬಂಧುವಾದ ಆಫ್ರಿಕಾದ ಮರದಿಂದ.

ಒಣ ಹಾಳೆಗೆ ಬಣ್ಣ ಹಚ್ಚಿದರೆ ಅಂಚು ನಿಲ್ಲುತ್ತದೆ. ತೇವದ ಹಾಳೆಗೆ ಹಚ್ಚಿದರೆ ಹೊಗೆಯಂತೆ ಹಬ್ಬುತ್ತದೆ. ಹನಿ ಒಣಗುವಾಗ ಅಂಚಿನಲ್ಲಿ ಕಪ್ಪು ಗೆರೆ ಉಳಿಯುವುದನ್ನು ಕಾಫಿ ಕಲೆಯಲ್ಲಿ ನೀವು ನೋಡಿದ್ದೀರಿ. ಅಂಚಿನಲ್ಲಿ ಆರಿಹೋದ ನೀರಿನ ಜಾಗಕ್ಕೆ ಒಳಗಿನ ನೀರು ಹರಿದು, ಕಣಗಳನ್ನೂ ಹೊತ್ತು ತರುತ್ತದೆ. ಇದನ್ನು ಷಿಕಾಗೋ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಸರಿಯಾಗಿ ವಿವರಿಸಿದ್ದು 1997ರಲ್ಲಿ. ಚಿತ್ರಕಾರರು ಅದಕ್ಕೆ ಬಹಳ ಮೊದಲೇ ಅದನ್ನು ದುಡಿಸಿಕೊಂಡಿದ್ದರೆನ್ನಿ. ಹಾಳೆಯನ್ನು ಎಷ್ಟು ಓರೆ ಮಾಡಬೇಕು, ಎಷ್ಟು ಹೊತ್ತು ಕಾಯಬೇಕು, ಎಲ್ಲಿ ಕೈ ತೆಗೆಯಬೇಕು ಎಂಬುದು ಮಾತ್ರ ಅವರವರ ತೀರ್ಮಾನ. ನೀರು ಅರ್ಧ ಬರೆಯುತ್ತದೆ, ಮನುಷ್ಯ ಅರ್ಧ.

“ಸರಿ, ಆದರೆ ಇದು ಏನು?” ಅಪ್ಪ ಬಿಡಲಿಲ್ಲ. ಹುಡುಗ ಮೆಲ್ಲಗೆ, “ಹೊನ್ನಾಳಿಯಲ್ಲಿ ಹೊಳೆ ಇಳಿದಾಗ ಮರಳ ಮೇಲೆ ಗೆರೆ ಉಳಿಯುತ್ತಲ್ಲ ಅಪ್ಪಾಜಿ, ಅದು” ಎಂದ. ಹೊಳೆ ಬಿಟ್ಟು, ಮರಳೂ ಬಿಟ್ಟು, ಗೆರೆಯ ಓಟ ಮಾತ್ರ ಉಳಿಸಿಕೊಂಡಿದ್ದ. ಅಮೂರ್ತ ಎಂಬ ದೊಡ್ಡ ಮಾತಿಗೆ ನನಗೆ ತಿಳಿದಿರುವ ಅರ್ಥ ಇಷ್ಟೇ. ಕಾಂಡಿನ್‌ಸ್ಕಿಯ ಮೊದಲ ಅಮೂರ್ತ ಜಲವರ್ಣವೆಂದು ಹೆಸರಾದ ಕೃತಿಯಲ್ಲೂ ಇರುವುದು ಪೆನ್ಸಿಲ್, ಶಾಯಿ, ಬಣ್ಣದ ನೀರು. ಅದರ ಮೇಲೆ 1910 ಎಂದಿದ್ದರೂ 1913ರದೆಂದು ಹಲವು ವಿದ್ವಾಂಸರ ವಾದ. ನಮ್ಮ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖೆಗಳು ಪೂರ್ತಿ ಅಮೂರ್ತವಲ್ಲ; ಅವರ ನರ್ತಕಿ ನರ್ತಕಿಯೇ. ಆದರೆ ಲಯ ತಿಳಿಯಲೆಂದು ಅವರು ಕಥಕ್ ಕಲಿತವರು. ನಾಲ್ಕಾರು ಗೆರೆಗಳಲ್ಲಿ ಕುಣಿತವನ್ನಷ್ಟೇ ಉಳಿಸುವ ಆ ಚಿತ್ರಗಳ ಪುಸ್ತಕಕ್ಕೆ ‘ದಿ ಸಿಂಗಿಂಗ್ ಲೈನ್’ ಎಂದೇ ಹೆಸರು.

“ಇದರಿಂದ ಹೊಟ್ಟೆ ತುಂಬುತ್ತದೆಯೇ?” ಎಂಬುದು ಕೊನೆಯ ಪ್ರಶ್ನೆ. ತುಂಬುತ್ತದೆಂದು ಭರವಸೆ ಕೊಡಲು ನಾನು ಯಾರು? ದಾವಣಗೆರೆಯಲ್ಲಿ 1964ರಿಂದ ಚಿತ್ರಕಲಾ ಶಾಲೆಯಿದೆ, ಈಗ ವಿಶ್ವವಿದ್ಯಾನಿಲಯದ ದೃಶ್ಯಕಲಾ ಕಾಲೇಜು, ನ್ಯಾಮತಿಯಿಂದಲೂ ಜಗಳೂರಿನಿಂದಲೂ ಬಸ್ಸು ಹಿಡಿದು ಹೋಗುವಷ್ಟೇ ದೂರ, ಒಮ್ಮೆ ಮಗನನ್ನು ಕರೆದೊಯ್ದು ತೋರಿಸಿ ಎಂದೆ. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಮುಂದಿನ ಸೋಮವಾರ ಹುಡುಗ ಒಂದು ಬಾಟಲಿ ಚೊಗರು ತಂದಿದ್ದ. ಅಪ್ಪನೇ ಕೊಟ್ಟು ಕಳಿಸಿದ್ದಂತೆ. ಪ್ರಯೋಗಶಾಲೆಯ ಅನ್ನಭೇದಿ ಒಂದು ಚಿಟಿಕೆ ಹಾಕಿದೆವು.