ಇಸ್ಪೀಟೆಲೆಯ ಕೈಚಳಕ: ಪುಸ್ತಕವೇ ಗುರು, ಮನೆಯವರೇ ಪರೀಕ್ಷಕರು

ಚರ್ಚ್‌ಗೇಟ್‌ನಿಂದ ಸಂಜೆ ಹೊರಡುವ ಲೋಕಲ್ ಗಾಡಿಯಲ್ಲಿ ನಾಲ್ವರು ತೊಡೆಗಳ ಮೇಲೆ ಬ್ರೀಫ್‌ಕೇಸ್ ಅಡ್ಡ ಇಟ್ಟು ಇಸ್ಪೀಟು ಆಡುವುದನ್ನು ನೋಡದ ಮುಂಬಯಿ ಕನ್ನಡಿಗರು ವಿರಳ. ಅವರು ಎಲೆ ಕಲಸುವ ಬಗೆಯನ್ನು ಎಂದಾದರೂ ಗಮನಿಸಿದ್ದೀರಾ? ಕಟ್ಟನ್ನು ಒಂದು ಕೈಯಲ್ಲಿ ಹಿಡಿದು, ಮೇಲಿನಿಂದ ನಾಲ್ಕೈದು ಎಲೆಗಳನ್ನು ಇನ್ನೊಂದು ಕೈಗೆ ಎಳೆದು ಬೀಳಿಸುತ್ತಾ ಹೋಗುತ್ತಾರೆ. ಊರಿನ ಮದುವೆ ಮನೆಯ ಜಗಲಿಯಲ್ಲೂ ಇದೇ ಕ್ರಮ. ನಮಗೆ ಅದು ಬರೀ ಎಲೆ ಕಲಸುವುದು. ಪಾಶ್ಚಾತ್ಯರ ಜಾದೂ ಪುಸ್ತಕಗಳಲ್ಲಿ ಅದಕ್ಕೆ 'ಹಿಂದೂ ಶಫಲ್' ಎಂಬ ಹೆಸರಿದೆ, ನೋಡುಗ ಆರಿಸಿದ ಎಲೆಯನ್ನು ಅದೇ ಕಲಸುವಿಕೆಯಲ್ಲಿ ಗುಟ್ಟಾಗಿ ಹಿಡಿತದಲ್ಲಿಡುವ ಪಾಠವಿದೆ. ನಮ್ಮ ಕೈಯ ಅಭ್ಯಾಸವನ್ನು ನಾನು ಇಂಗ್ಲಿಷ್ ಪುಸ್ತಕದಿಂದ ಹೊಸದಾಗಿ ಕಲಿಯಬೇಕಾಯಿತು!

ಅದು 1979ನೇ ಇಸವಿ. ಫೋರ್ಟ್ ಪರಿಸರದ ಬ್ಯಾಂಕೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಫೌಂಟನ್ ಬಳಿಯ ಫುಟ್‌ಪಾತ್‌ನಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ಕೈಗೆ ಸಿಕ್ಕಿದ್ದು 'ದಿ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್'. ಜೀನ್ ಹ್ಯೂಗಾರ್ಡ್ ಮತ್ತು ಫ್ರೆಡರಿಕ್ ಬ್ರೌ ಎಂಬಿಬ್ಬರು ಸೇರಿ ಬರೆದು 1948ರಲ್ಲಿ ಪ್ರಕಟಿಸಿದ ಕೃತಿ. ಇದರ ವಿಶೇಷವೆಂದರೆ ಒಂದೊಂದು ಅಧ್ಯಾಯಕ್ಕೆ ಒಂದು ಕೈಚಳಕ, ಅದರ ಬೆನ್ನಿಗೇ ಅದನ್ನು ಬಳಸಿ ಮಾಡುವ ಆಟಗಳು. ಶಾಲೆಯ ಪಾಠಪುಸ್ತಕದ ಹಾಗೆ. ಹಾಗಾಗಿ ಎದುರಿಗೆ ಗುರುವಿಲ್ಲದವನೂ ಧೈರ್ಯ ಮಾಡಬಹುದು.

ಪುಸ್ತಕ ನೋಡಿ ಜಾದೂ ಕಲಿತವರ ಪರಂಪರೆ ದೊಡ್ಡದೇ. ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲಿ ಮಾಟಗಾತಿಯರ ಮೇಲಿನ ಮೂಢನಂಬಿಕೆಯನ್ನು ಖಂಡಿಸಿ ಬರೆದ ಗ್ರಂಥದಲ್ಲಿಯೇ ಇಸ್ಪೀಟಿನ ಕೆಲವು ಚಮತ್ಕಾರಗಳ ಗುಟ್ಟನ್ನು ವಿವರಿಸಿದ್ದ. ಫ್ರಾನ್ಸಿನ ಪ್ರಸಿದ್ಧ ಜಾದೂಗಾರ ರಾಬರ್ಟ್ ಹೂಡಿನ್ ಯುವಕನಾಗಿದ್ದಾಗ ಗಡಿಯಾರ ರಿಪೇರಿಯ ಪುಸ್ತಕ ಕೇಳಿದರೆ, ಅಂಗಡಿಯವನು ತಪ್ಪಿ ಜಾದೂ ವಿಷಯವಿದ್ದ ಪುಸ್ತಕ ಕಟ್ಟಿಕೊಟ್ಟನಂತೆ. ಹಾಗೆಂದು ಅವನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಆದರೆ ಓದಿ ಕಲಿಯುವುದು ಸುಲಭವಲ್ಲ. ಎರಡು ಕೈಗಳೂ ಎಲೆ ಹಿಡಿದಿರುವಾಗ ಪುಟ ಮಗುಚುವವರು ಯಾರು? ಪುಸ್ತಕ ಮುಚ್ಚಿಹೋಗದಂತೆ ಒಂದು ಬದಿಗೆ ನೀರಿನ ಚೊಂಬು, ಇನ್ನೊಂದು ಬದಿಗೆ ಅಡಿಕೆ ಕತ್ತರಿ ಇಡುತ್ತಿದ್ದೆ. ಚಿತ್ರದಲ್ಲಿರುವ ಕೈ ನನ್ನ ಕಡೆಯಿಂದ ಕಂಡದ್ದೋ, ನೋಡುಗರ ಕಡೆಯಿಂದಲೋ ಎಂದು ತಿಳಿಯಲು ಒಂದು ವಾಕ್ಯವನ್ನು ಹತ್ತು ಸಲ ಓದಬೇಕು. ಕಿರುಬೆರಳ ತುದಿ ಎಲ್ಲಿ, ತೋರುಬೆರಳು ಎಲ್ಲಿ, ಹೆಬ್ಬೆರಳ ಒತ್ತಡ ಎಷ್ಟು? ಒಂದು ಬೆರಳು ಸರಿಯಾದರೆ ಇನ್ನೊಂದು ಜಾರುತ್ತದೆ. ಕನ್ನಡಿಯ ಮುಂದೆ ಕುಳಿತರೆ ಇನ್ನೊಂದು ಮೋಸ. ಕೈಚಳಕದ ಕ್ಷಣಕ್ಕೆ ಸರಿಯಾಗಿ ನಮಗೇ ಗೊತ್ತಿಲ್ಲದೆ ಕಣ್ಣು ಮಿಟುಕಿಸುತ್ತೇವೆ. ತಪ್ಪು ನಮಗೇ ಕಾಣುವುದಿಲ್ಲ!

ಎರಡು ಎಲೆಗಳನ್ನು ಒಂದೇ ಎಲೆಯೆಂಬಂತೆ ಮಗುಚುವ 'ಡಬಲ್ ಲಿಫ್ಟ್' ಕಲಿಯಲು ನನಗೆ ಮೂರು ತಿಂಗಳು ಹಿಡಿಯಿತು. ಬೆರಳು ಪಳಗಿತು ಎಂದುಕೊಂಡು ಒಂದು ಭಾನುವಾರ ಪತ್ನಿಯ ಮುಂದೆ ಕುಳಿತೆ. ಆಕೆ ಗುಟ್ಟು ಹಿಡಿಯಲಿಲ್ಲ. ಆದರೆ, "ಒಂದು ಎಲೆ ಮಗುಚಲಿಕ್ಕೆ ಇಷ್ಟು ಒದ್ದಾಟವಾ ಮಾರಾಯ್ರೆ? ದೋಸೆ ಮಗುಚಿದ ಹಾಗೆ ಮಾಡ್ತೀರಲ್ಲ" ಎಂದಳು. ಅಷ್ಟೇ ಸಾಕಾಯಿತು. ನಾನು ಎರಡು ಎಲೆ ಎತ್ತುವುದನ್ನು ಕಲಿತಿದ್ದೆ, ಒಂದು ಎಲೆಯನ್ನು ನಾನು ಸಹಜವಾಗಿ ಹೇಗೆ ಎತ್ತುತ್ತೇನೆ ಎಂಬುದನ್ನು ನೋಡಿಯೇ ಇರಲಿಲ್ಲ. ಆಮೇಲೆ ವಾರಗಟ್ಟಲೆ ಬರೀ ಒಂದೊಂದೇ ಎಲೆ ಮಗುಚುತ್ತಾ ಕುಳಿತೆ. ಪುಸ್ತಕ ಎಲ್ಲವನ್ನೂ ಹೇಳುತ್ತದೆ, ಆದರೆ ಅದಕ್ಕೆ ಕಣ್ಣಿಲ್ಲ. ಆ ಕೊರತೆಯನ್ನು ಮನೆಯವರೇ ತುಂಬಬೇಕು.

1986ರಲ್ಲಿ ಉಪನಗರದ ಒಂದು ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ, ಯಕ್ಷಗಾನದ ವೇಷ ಸಿದ್ಧವಾಗುವವರೆಗೆ ಹದಿನೈದು ನಿಮಿಷ ತುಂಬಿಸಲು ನನ್ನನ್ನು ವೇದಿಕೆಗೆ ಹತ್ತಿಸಿದರು. ಆಟೀನಿನ ರಾಣಿ ಇಸ್ಪೀಟಿನ ಗುಲಾಮನಾದಾಗ ಚಪ್ಪಾಳೆ ಬಿತ್ತು. "ಇನ್ನೊಮ್ಮೆ, ಇನ್ನೊಮ್ಮೆ" ಎಂದರು. ಒಂದೇ ಆಟವನ್ನು ಅದೇ ಜನರ ಮುಂದೆ ಮತ್ತೆ ಮಾಡಬಾರದು ಎಂಬುದು ಜಾದೂ ಕಲಿಯುವವರ ಮೊದಲ ಪಾಠ. ಚಪ್ಪಾಳೆಯ ಅಮಲಿನಲ್ಲಿ ಅದನ್ನು ಮರೆತೆ. ಮೊದಲ ಸಲ ಏನಾಗುತ್ತದೆಂದು ತಿಳಿಯದ ನೋಡುಗ ಮುಖ ನೋಡುತ್ತಾನೆ, ಎರಡನೇ ಸಲ ಕೈ ನೋಡುತ್ತಾನೆ. ಮುಂದಿನ ಸಾಲಿನಲ್ಲಿದ್ದ ಹತ್ತು ವರ್ಷದ ಹುಡುಗನೊಬ್ಬ ಎದ್ದು ನಿಂತು, "ಅಂಕಲ್, ನೀವು ಎರಡು ಎಲೆ ತೆಗೆದ್ರಿ" ಎಂದ. ಸಭೆ ಗೊಳ್ಳೆಂದಿತು. ನಾನು ಎಲೆಗಳನ್ನು ಜೇಬಿಗೆ ಹಾಕಿ ಕೆಳಗಿಳಿದೆ. ಚೆಂಡೆ ಬೇಗ ಶುರುವಾದದ್ದು ನನ್ನ ಪುಣ್ಯ.

ಮರುವಾರ ಆ ಹುಡುಗ ತಂದೆಯ ಕೈ ಹಿಡಿದು ನಮ್ಮ ಮನೆಗೇ ಬಂದ. ತನಗೂ ಕಲಿಯಬೇಕಂತೆ. ಪುಸ್ತಕವನ್ನೇ ಅವನ ಕೈಗೆ ಕೊಟ್ಟೆ.

ಅಷ್ಟರಲ್ಲಿ ನನ್ನ ಬಳಿ ಇನ್ನೊಂದು ಪುಸ್ತಕವಿತ್ತು. ಹೆಚ್ಚಿನ ಅಭ್ಯಾಸ ಮಾಡುವವರೆಲ್ಲ ಒಂದಲ್ಲ ಒಂದು ದಿನ ತೆರೆಯುವ 'ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್'. 1902ರಲ್ಲಿ ಶಿಕಾಗೋದಲ್ಲಿ ಅಚ್ಚಾದ ಇದರ ಲೇಖಕ ಎಸ್. ಡಬ್ಲ್ಯು. ಅರ್ಡ್‌ನೇಸ್. ಅದು ಗುಪ್ತನಾಮ, ನಿಜವಾಗಿ ಆತ ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಹಣದ ಅಗತ್ಯವಿದ್ದುದರಿಂದಲೇ ಬರೆದೆ ಎಂದು ಮುನ್ನುಡಿಯಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಮೊದಲ ಭಾಗವಿಡೀ ಜೂಜಿನ ಮೇಜಿನ ಮೋಸಗಳು, ಜಾದೂ ಬರುವುದು ಆಮೇಲೆ. ಕೆನಡಾದಲ್ಲಿ ಹುಟ್ಟಿದ ಡೈ ವೆರ್ನನ್ ಹುಡುಗನಾಗಿದ್ದಾಗಲೇ ಇದನ್ನು ಅರೆದು ಕುಡಿದವರು. ಇಪ್ಪತ್ತನೇ ಶತಮಾನದ ಇಸ್ಪೀಟು ಜಾದೂಗೆ ಅವರೇ ದೊಡ್ಡ ಗುರು. 1984ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಇದೇ ಪುಸ್ತಕಕ್ಕೆ ಅವರ ಟಿಪ್ಪಣಿಗಳು ಗ್ರಂಥವಾಗಿ ಬಂದವು.

ಮೇಲಿನ ಎಲೆ ಹಂಚಿದಂತೆ ತೋರಿಸಿ ಕೆಳಗಿನದನ್ನು ಹಂಚುವುದನ್ನು ನಾನೂ ಅದರಿಂದ ತಕ್ಕಮಟ್ಟಿಗೆ ಕಲಿತೆ. ಅದಕ್ಕೆ ಬೆಲೆಯನ್ನೂ ತೆತ್ತಿದ್ದೇನೆ. ಒಮ್ಮೆ ಊರಲ್ಲಿ ದೀಪಾವಳಿಯ ರಾತ್ರಿ ಹಣ ಕಟ್ಟಿ ಆಡುತ್ತಿದ್ದಾಗ, ಹಿರಿಯರೊಬ್ಬರ ಎಡಗೈ ಬೆರಳುಗಳು ಅದೇ ಚಿತ್ರದಲ್ಲಿದ್ದಂತೆ ಕುಳಿತಿದ್ದವು. ಹೇಳಿದರೆ ಮನೆತನದ ಜಗಳ, ಸುಮ್ಮನಿದ್ದರೆ ಹುಡುಗರ ಸಂಬಳ ಹೋಗುತ್ತದೆ. "ಒಂದು ಸಲ ನಾನು ಹಂಚ್ತೇನೆ, ಕೊಡಿ ಅಣ್ಣ" ಎಂದು ಕೈ ಚಾಚಿದೆ. ಅವರು ನನ್ನ ಮುಖ ನೋಡಿ ಕಟ್ಟನ್ನು ಕೊಟ್ಟು, ನಿದ್ದೆ ಬರುತ್ತಿದೆ ಎಂದು ಎದ್ದು ಹೋದರು. ಮತ್ತೆ ನನ್ನೊಡನೆ ಸರಿಯಾಗಿ ಮಾತಾಡಲೇ ಇಲ್ಲ. ಈಗ ಮದುವೆ ಮನೆಯಲ್ಲಿ ರಮ್ಮಿಗೆ ಕುಳಿತರೆ ಎಲೆ ಕಲಸಲು ನನಗೂ ಯಾರೂ ಕೊಡುವುದಿಲ್ಲ!

ಇಂದಿನ ಮಕ್ಕಳಿಗೆ ಮೊಬೈಲಿನಲ್ಲಿ ವಿಡಿಯೋಗಳಿವೆ. ಕೈಯ ಲಯ, ವೇಗ ತಿಳಿಯಲು ಅದೇ ಒಳ್ಳೆಯದು, ಸುಳ್ಳೇಕೆ ಹೇಳಲಿ. ಆದರೆ ನನ್ನ ಮೊಮ್ಮಗಳು ಕಲಿಸಿದವನ ಹಾಗೆಯೇ ಭುಜ ಕುಣಿಸುತ್ತಾಳೆ, ಅವನ ಮಾತನ್ನೇ ಆಡುತ್ತಾಳೆ. ಅವಳಿಗೊಂದು 'ರಾಯಲ್ ರೋಡ್' ತರಿಸಿಕೊಟ್ಟಿದ್ದೇನೆ, ಈಗ ಹೊಸ ಪ್ರತಿಗಳೂ ಸಿಗುತ್ತವೆ. ನನ್ನ ಹಳೆಯ ಪ್ರತಿ ಆ ಹುಡುಗನ ಹತ್ತಿರವೇ ಉಳಿದಿದೆ. ಅವನೀಗ ಐವತ್ತರ ಆಸುಪಾಸಿನ ಗೃಹಸ್ಥ, ಠಾಣೆಯಲ್ಲಿ ವಾಸ. ಸಿಕ್ಕಾಗಲೆಲ್ಲ ಮುಂದಿನ ವಾರ ತಂದುಕೊಡುತ್ತೇನೆ ಎನ್ನುತ್ತಾನೆ.