ಕರುವಿನ ಭೇದಿ: ಲಸಿಕೆ ಹಸುವಿಗೆ, ರಕ್ಷಣೆ ಗಿಣ್ಣು ಹಾಲಿನಲ್ಲಿ

ಎಳೆಗರುಗಳನ್ನು ಬಲಿ ತೆಗೆದುಕೊಳ್ಳುವ ರೋಗಗಳಲ್ಲಿ ಭೇದಿ ಮುಖ್ಯವಾದುದು. ರೋಟಾ, ಕೊರೋನಾ ವೈರಾಣುಗಳು ಹಾಗೂ ಇ. ಕೋಲೈ ಬ್ಯಾಕ್ಟೀರಿಯಾ ಇದನ್ನು ಉಂಟುಮಾಡುತ್ತವೆ. ಇವುಗಳ ವಿರುದ್ಧ ಯೂರೋಪ್, ಅಮೆರಿಕಗಳಲ್ಲಿ ಗಬ್ಬದ ಹಸುವಿಗೆ, ಈಯುವ ಕೆಲವು ವಾರ ಮೊದಲು ಲಸಿಕೆ ಹಾಕುತ್ತಾರೆ. ಪ್ರತಿ ಗಬ್ಬಕ್ಕೂ ಈ ಖರ್ಚು ತಪ್ಪದು.

ತಾಯಿಯಲ್ಲಿ ಬೆಳೆದ ರೋಗನಿರೋಧಕ ಶಕ್ತಿ ಗರ್ಭದಲ್ಲಿರುವ ಕರುವಿಗೆ ದಾಟುವುದಿಲ್ಲ. ಗಿಣ್ಣು ಹಾಲಿನ ಮೂಲಕವೇ ಬರಬೇಕು. ಅದನ್ನು ರಕ್ತಕ್ಕೆ ಹೀರಿಕೊಳ್ಳುವ ಶಕ್ತಿ ಕರುಳಿಗಿರುವುದು ಸುಮಾರು 24 ಗಂಟೆ ಮಾತ್ರ. ಮಾಸು ಬೀಳಲೆಂದು ಕಾದರೆ, ಮೊದಲ ಹಾಲನ್ನೆಲ್ಲ ಗಿಣ್ಣು ಮಾಡಲು ಕರೆದುಕೊಂಡರೆ, ಲಸಿಕೆಯ ಹಣ ನೀರುಪಾಲು.

ಕರು ಹುಟ್ಟಿದ 2 ಗಂಟೆಯೊಳಗೆ ಕುಡಿಸಲು ಆರಂಭಿಸಿರಿ. ಮೊದಲ ದಿನ ಅದರ ತೂಕದ ಹತ್ತರಲ್ಲೊಂದು ಭಾಗ, ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರ್ ಕುಡಿಸಿರಿ. ಲಸಿಕೆ ಹಾಕಿಸದ ರೈತರಿಗೂ ಇದೇ ಅತ್ಯಂತ ಅಗ್ಗದ ರಕ್ಷಣೆ.