ಮಾತಿಗೆ ಬೀಗ, ಬೀಗದ ಕೈ ಜೋಪಾನ

ಗೆಳೆಯರೇ, ಪುಣೆಯಲ್ಲಿರುವ ನಮ್ಮ ಚಿಕ್ಕಪ್ಪ ವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ಫೋನ್ ಮಾಡುತ್ತಾರೆ. ಒಂದು ದಿನ ನಮ್ಮಜ್ಜಿ, "ನಾವು ಮಾತಾಡೋದು ನಡುವೆ ಯಾರಿಗಾದ್ರೂ ಕೇಳಿಸುತ್ತೇನೋ?" ಎಂದು ಕೇಳಿದಳು. ಅದಕ್ಕೆ ಉತ್ತರ ತಿಳಿದುಕೊಂಡು ಇಲ್ಲಿ ಬರೆದಿದ್ದೇನೆ.

ಇಂಟರ್ನೆಟ್ ಕರೆಯಲ್ಲಿ ಫೋನು ನಮ್ಮ ಧ್ವನಿಯನ್ನು ಅಂಕಿಗಳನ್ನಾಗಿ ಮಾಡಿ, ಸಣ್ಣ ಸಣ್ಣ ತುಂಡು ಮಾಡುತ್ತದೆ. ಇವಕ್ಕೆ ಪ್ಯಾಕೆಟ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಪ್ಯಾಕೆಟ್‌ನಲ್ಲಿ 20 ಮಿಲಿಸೆಕೆಂಡಿನ ಮಾತು ಇರುತ್ತದೆ. ಅಂದರೆ ಸೆಕೆಂಡಿಗೆ 50 ಪ್ಯಾಕೆಟ್! ಇವು ಎಷ್ಟೋ ಯಂತ್ರಗಳನ್ನು ದಾಟಿ ಹೋಗಬೇಕು. ಹಾಗೇ ಕಳಿಸಿದರೆ ಅಂಚೆ ಕಾರ್ಡಿನಂತೆ, ದಾರಿಯಲ್ಲಿ ಸಿಕ್ಕವರು ಓದಬಹುದು. ಅದಕ್ಕೇ ಗೂಢಲಿಪಿ ಎಂಬ ಬೀಗ ಹಾಕುತ್ತಾರೆ. ವಾಟ್ಸಾಪ್ 2016ರಿಂದ ಕರೆಗಳಿಗೂ ಈ ಬೀಗ ಹಾಕುತ್ತಿದೆ. ಬೀಗದ ಕೈ ಮಾತಾಡುವವರ ಫೋನಿನಲ್ಲೇ ಇರುತ್ತದೆ. ನಡುವಿನ ಕಂಪನಿಗೂ ಮಾತು ಕೇಳಿಸದು.

ಹಾಗಾದರೆ ಭಯವೇ ಇಲ್ಲವೇ? ಇದೆ. ದಾರಿಯಲ್ಲಿ ಕದಿಯಲು ಆಗದಿದ್ದರೆ ಕಳ್ಳ ಮನೆಗೇ ಬರ್ತಾನೆ. 2019ರಲ್ಲಿ ವಾಟ್ಸಾಪ್ ಕರೆಯ ತಂತ್ರಾಂಶದಲ್ಲಿ ಒಂದು ದೋಷವಿತ್ತು. ಅದರಿಂದ, ಕರೆ ಎತ್ತದಿದ್ದರೂ ಪೆಗಾಸಸ್ ಎಂಬ ಗೂಢಚಾರಿ ತಂತ್ರಾಂಶ ಫೋನಿನೊಳಗೆ ಸೇರಬಹುದಾಗಿತ್ತು. ಸುಮಾರು 1,400 ಫೋನುಗಳ ಮೇಲೆ ಹೀಗೆ ದಾಳಿ ನಡೆಯಿತೆಂದು ವಾಟ್ಸಾಪ್ ಹೇಳಿತು. ಅವರಲ್ಲಿ ಭಾರತದವರೂ ಇದ್ದರು. ಅದೇ ವರ್ಷ ಮೇ ತಿಂಗಳಲ್ಲಿ ದೋಷ ಸರಿಪಡಿಸಿದ ಅಪ್‌ಡೇಟ್ ಬಂತು.

ಇನ್ನೊಬ್ಬ ಕಳ್ಳ ಮಾತಿನಲ್ಲೇ ಬರ್ತಾನೆ. ಬೀಗ ದಾರಿಯನ್ನು ಕಾಯುತ್ತದೆ, ಆ ಕಡೆ ಇರುವವನು ಯಾರು ಅಂತ ಅದಕ್ಕೆ ಗೊತ್ತಾಗಲ್ಲ. ಪೊಲೀಸ್ ವೇಷ ಹಾಕಿ ವಿಡಿಯೋ ಕರೆ ಮಾಡಿ, "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಹಣ ಕಳಿಸಿ" ಎಂದು ಹೆದರಿಸುತ್ತಾರೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ.

ನಾವು ಮಾಡಬೇಕಾದದ್ದು ಇಷ್ಟು:

1. ಅಪ್‌ಡೇಟ್ ಬಂದರೆ ತಡಮಾಡದೆ ಹಾಕಿಕೊಳ್ಳಬೇಕು.
2. ಫೋನಿಗೆ ಬರುವ 6 ಅಂಕಿಯ ಕೋಡ್ ಯಾರಿಗೂ ಹೇಳಬಾರದು. ಹೇಳಿದರೆ ನಮ್ಮ ವಾಟ್ಸಾಪ್ ಅವರ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ಆಮೇಲೆ ನಮ್ಮ ಹೆಸರಲ್ಲೇ ನೆಂಟರ ಹತ್ತಿರ ಹಣ ಕೇಳ್ತಾರೆ.
3. ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆಗೆ ಪಿನ್ ಇಡಬೇಕು.
4. ಹೆದರಿಸುವ ಕರೆ ಬಂದರೆ ಕಟ್ ಮಾಡಿ ಮನೆಯವರಿಗೆ ಹೇಳಬೇಕು. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು.

ಇದನ್ನೆಲ್ಲ ಹೇಳಿದ ಮೇಲೆ ಅಜ್ಜಿ, "ಅಂದ್ರೆ ಬೀಗ ಅವರು ಹಾಕ್ತಾರೆ, ಬೀಗದ ಕೈ ನಾವು ಕಾಯಬೇಕು" ಅಂದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಫಲ? ಗೆಳೆಯರೇ, ಇವತ್ತೇ ಮನೆಗೆ ಹೋಗಿ ಅಪ್ಪ ಅಮ್ಮನ ಫೋನಿನಲ್ಲಿ ಅಪ್‌ಡೇಟ್, ಪಿನ್ ಎರಡೂ ನೋಡಿ.